ನಾಯಕಿಯ ಅವ್ವ

ಸಿಂಧನೂರಿನ ಬಸ್‌ಸ್ಟ್ಯಾಂಡಿನಲ್ಲಿ ಬೆಂಗಳೂರು ಬಸ್ಸಿನಿಂದ ಯಮನೂರಮ್ಮ ಇಳಿದಳೆಂದರೆ ಮೊದಲು ಗುರುತು ಹಿಡಿಯುವವರು ಹೂ ಮಾರುವ ಹೆಣ್ಣುಮಕ್ಕಳು. "ಏ, ಟೀವಿ ಅತ್ತಿ ಬಂದಾಳ ನೋಡ್ರೆ!" ಎಂದು ಒಬ್ಬಳು ಕೂಗುತ್ತಾಳೆ. ಇನ್ನೊಬ್ಬಳು ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಫೋನು ತೆಗೆಯುತ್ತಾಳೆ. ಯಮನೂರಮ್ಮ ಬ್ಯಾಗು ಕೆಳಗಿಟ್ಟು, ಕೆದರಿದ ಕೂದಲನ್ನು ಅಂಗೈಯಿಂದ ಒತ್ತಿ ಫೋಟೋಕ್ಕೆ ನಿಲ್ಲುತ್ತಾಳೆ. ಇಲ್ಲಿಯವರೆಗೆ ಎಲ್ಲ ಚೆಂದ. ಆಮೇಲೆ ಬರುವ ಮಾತೊಂದಿದೆ, ಅದು ಬರದೆ ಇರುವುದಿಲ್ಲ. ಚಹಾದಂಗಡಿಯ ಬೆಂಚಿನ ಮೇಲೆ ಕೂತ ಯಾರೋ ಒಬ್ಬ ಮುದುಕ ಕಣ್ಣು ಕಿರಿದು ಮಾಡಿ ಅವಳನ್ನು ನೋಡುತ್ತಾನೆ, ಮುಖ ಅರಳುತ್ತದೆ, ಕೇಳುತ್ತಾನೆ:

"ಯವ್ವಾ, ನೀ ನಾಟಕದಾಗ ರಾಜಶ್ರೀ ಅವ್ವ ಆಗ್ತಿದ್ದೆಲ್ಲ? ರಾಜಶ್ರೀ ಹ್ಯಾಂಗದಾಳ ಈಗ?"

"ಆರಾಮದಾಳ," ಎನ್ನುತ್ತಾಳೆ ಯಮನೂರಮ್ಮ. ಬ್ಯಾಗು ಎತ್ತಿಕೊಂಡು ಆಟೋದ ಕಡೆ ನಡೆಯುವಾಗ ಹೊಟ್ಟೆಯಲ್ಲಿ ಮೆಣಸಿನಕಾಯಿ ಅರೆದಂತಾಗಿರುತ್ತದೆ. ಎಷ್ಟೋ ಧಾರಾವಾಹಿ, ಎಷ್ಟೋ ಸಿನಿಮಾ. ಮಂತ್ರಿಯ ತಾಯಿ, ರೌಡಿಯ ತಾಯಿ, ಆಸ್ಪತ್ರೆಯ ಬಾಗಿಲಲ್ಲಿ ಎದೆ ಬಡಿದುಕೊಳ್ಳುವವಳು, ಸಂತೆಯಲ್ಲಿ ಬದನೆಕಾಯಿ ಎಸೆದು ಜಗಳ ತೆಗೆಯುವವಳು, ಇಷ್ಟೆಲ್ಲ ಆಗಿ ಬಂದರೂ ಊರಿನವರ ನೆನಪಿನಲ್ಲಿ ಅವಳು ಒಬ್ಬಳ ಅವ್ವ. ಅದೂ ತನಗಿಂತ ಎಂಟು ತಿಂಗಳು ದೊಡ್ಡವಳಾದವಳ ಅವ್ವ.

ಈಗ ಈ ರಾಜಶ್ರೀ ಯಾರು ಎಂಬುದನ್ನು ಹೇಳದೆ ಮುಂದೆ ಹೋಗುವಂತಿಲ್ಲ.

ಯಮನೂರಮ್ಮ ಸಾಲಗುಂದದವಳು. ಅವಳ ಅಪ್ಪ ನಾಟಕಗಳಿಗೆ ಪರದೆ ಕಟ್ಟುತ್ತಿದ್ದ. ಭತ್ತ ಕೊಯ್ದು ಮುಗಿಯಿತೆಂದರೆ ಕಾಲುವೆ ಸೀಮೆಯ ಊರೂರಲ್ಲಿ ಹುಡುಗರು ಸೇರಿ ಸಾಮಾಜಿಕ ನಾಟಕ ಆಡುತ್ತಿದ್ದರು. ಗಂಡು ಪಾತ್ರಕ್ಕೆ ಊರಿನವರೇ, ಹೆಣ್ಣು ಪಾತ್ರಕ್ಕೆ ಮಾತ್ರ ಹೊರಗಿನಿಂದ ಕಲಾವಿದೆಯರನ್ನು ಕರೆಸುವುದು. ಹಾರ್ಮೋನಿಯಂ ನುಡಿಸಿ ನಾಟಕ ಕಲಿಸುತ್ತಿದ್ದ ಗದ್ದೆಪ್ಪ ಮಾಸ್ತರ ಒಂದು ದಿನ ತಾಲೀಮಿನಲ್ಲಿ ಇಬ್ಬರು ಹುಡುಗಿಯರನ್ನು ಎದುರಿಗೆ ನಿಲ್ಲಿಸಿಕೊಂಡ. ಒಬ್ಬಳು ಲಿಂಗಸುಗೂರಿನಿಂದ ಬಂದ ರಾಜಶ್ರೀ, ನಿಂತಲ್ಲಿ ನಿಲ್ಲದ ಕಣ್ಣು, ಕಾಲಲ್ಲಿ ಗೆಜ್ಜೆ. ಇನ್ನೊಬ್ಬಳು ಯಮನೂರಮ್ಮ, ಎತ್ತರ, ಅಗಲ ಹಣೆ, ದಪ್ಪ ದನಿ. ಮಾಸ್ತರ ಎಡಗೈಯಿಂದ ತಿದಿ ಒತ್ತುತ್ತಲೇ ಬಲಗೈ ಬೆರಳು ತೋರಿಸಿದ. "ನೀ ಮಗಳು. ನೀ ಅವ್ವ." ಅಷ್ಟೇ. ಹದಿನೈದರ ಹುಡುಗಿಯ ಕೂದಲಿಗೆ ಪೌಡರ್ ಬಿತ್ತು. ಆ ಪೌಡರ್ ಮುಂದೆ ಇಪ್ಪತ್ತು ವರ್ಷ ಉದುರಲಿಲ್ಲ.

ಆ ನಾಟಕಗಳ ದಾರಿಯೇ ಹಾಗಿತ್ತು. ಎರಡನೆಯ ಅಂಕದ ಕೊನೆಗೆ ಅವ್ವ ಸಾಯಬೇಕು. ಅವಳು ಸತ್ತರೆ ತಾನೇ ನಾಯಕಿಗೆ ಅಳುವುದಕ್ಕೆ ಅವಕಾಶ. ನಾಯಕಿಯ ಹಸಿರು ಸೀರೆ ಉಟ್ಟ ರಾಜಶ್ರೀ ಹೆಣದ ಮೇಲೆ ಬಿದ್ದು ಹಾಡು ಎತ್ತಿದಳೆಂದರೆ ಕೂತ ಜನ ಹುಚ್ಚಾಗುತ್ತಿದ್ದರು. ಬಳಗಾನೂರಿನ ಅಂಬಪ್ಪ ಎಂಬ ಜಮೀನುದಾರನಿದ್ದ. ಎಲ್ಲಿ ರಾಜಶ್ರೀ ನಾಟಕವೋ ಅಲ್ಲಿ ಮುಂದಿನ ಸಾಲಿನಲ್ಲಿ ಅಂಬಪ್ಪ. ಅವನು ಎದ್ದು, ಮೆಟ್ಟಿಲು ಹತ್ತಿ, ಹೊಸ ನೋಟು ತೆಗೆದು ಅವಳ ಭುಜಕ್ಕೆ ಪಿನ್ನಿನಿಂದ ಹಚ್ಚುತ್ತಿದ್ದ. ಆಗ ಹಾಡು ನಿಲ್ಲುತ್ತದೆ. ಗದ್ದೆಪ್ಪ ಮಾಸ್ತರ ಮೈಕು ಎಳೆದುಕೊಂಡು, "ಬಳಗಾನೂರಿನ ಅಂಬಪ್ಪನವರು ನಾಯಕಿ ರಾಜಶ್ರೀ ಅವರ ಅಭಿನಯಕ್ಕೆ ಮೆಚ್ಚಿ..." ಎಂದು ಊದುತ್ತಾನೆ. ನಾಯಕಿ ಅಳುವುದನ್ನು ಬಿಟ್ಟು, ಕೊಟ್ಟವರಿಗೆ ಕೈ ಮುಗಿಯಬೇಕು. ಅದು ಕಲಾವಿದೆಯ ಧರ್ಮ. ಕುಣಿಯುತ್ತಿರಲಿ, ವಿಷ ಕುಡಿಯುತ್ತಿರಲಿ, ನೋಟು ಹಚ್ಚಿದವರಿಗೆ ಕೈ ಮುಗಿಯದೆ ಇದ್ದರೆ ಸೊಕ್ಕಿನವಳೆಂಬ ಹೆಸರು ಬರುತ್ತದೆ. ಅಂಬಪ್ಪನ ಹಿಂದೆ ಇನ್ನೊಬ್ಬ, ಅವನ ಹಿಂದೆ ಮತ್ತೊಬ್ಬ.

ಅಷ್ಟು ಹೊತ್ತೂ ಯಮನೂರಮ್ಮ ಸತ್ತು ಮಲಗಿರುತ್ತಾಳೆ.

ಸತ್ತವಳು ಅಲ್ಲಾಡುವಂತಿಲ್ಲ. ಗದ್ದೆಯ ನೀರಿನಲ್ಲಿ ಬೆಳೆದ ಸೊಳ್ಳೆಗಳು ಕಾಲಿನಿಂದ ಹಿಡಿದು ಕಿವಿಯವರೆಗೆ ಊಟ ಮಾಡುತ್ತವೆ. ರೆಪ್ಪೆಯ ಸಂದಿಯಿಂದ ಅವಳಿಗೆ ಕಾಣುವುದು ಅಂಬಪ್ಪನ ಚಪ್ಪಲಿ, ರಾಜಶ್ರೀಯ ಗೆಜ್ಜೆ, ಭುಜದ ಮೇಲೆ ಫ್ಯಾನಿನ ಗಾಳಿಗೆ ಪಟಪಟ ಎನ್ನುವ ನೋಟು. ಪರದೆ ಬಿದ್ದ ಮೇಲೆ ಜನ ರಾಜಶ್ರೀಯ ಸುತ್ತ ಸೇರುತ್ತಿದ್ದರು. ಹೆಣ ತಾನೇ ಎದ್ದು ಬೆನ್ನಿನ ಮಣ್ಣು ಕೊಡವಿಕೊಳ್ಳುತ್ತಿತ್ತು. "ಎದ್ದೇಳವ್ವಾ, ಮುಗೀತು" ಎಂದು ಕೈ ಕೊಟ್ಟವರು ಯಾರೂ ಇರಲಿಲ್ಲ.

ಗಂಡನ ವಿಷಯದಲ್ಲೂ ಹೀಗೇ ಆಗಿತ್ತೆನ್ನಿ. ಲಕ್ಷ್ಮಣ ಸಿಂಧನೂರಿನಲ್ಲಿ ಆಟೋ ಹೊಡೆಯುವವನು, ಬಂಗಾರದಂಥ ಮನುಷ್ಯ. ಆದರೆ ಅವನು ಮೊದಲ ಸಾರಿ ಪರದೆಯ ಹಿಂದೆ ಬಂದದ್ದು ಸೇವಂತಿಗೆ ಹಾರ ಹಿಡಿದುಕೊಂಡು, ರಾಜಶ್ರೀಯನ್ನು ಹುಡುಕಿಕೊಂಡು. ಅಲ್ಲಿ ಗದ್ದಲ ಬಹಳವಿತ್ತು. ಹಾರ ಹಿಡಿದು ನಿಂತು ನಿಂತು ಸಾಕಾಗಿ, ಪಕ್ಕದಲ್ಲಿ ಪೌಡರ್ ತೊಳೆಯುತ್ತಿದ್ದ ಅವ್ವನ ಜೊತೆ ಮಾತಿಗೆ ನಿಂತ. ಮಾತು ಮದುವೆಯಾಯಿತು. ಆ ಹಾರವನ್ನು ಅವತ್ತು ಯಾರಿಗೆ ಹಾಕಿದನೆಂದು ಯಮನೂರಮ್ಮ ಇವತ್ತಿಗೂ ಕೇಳುತ್ತಾಳೆ. "ಮರ್ತೀನಿ" ಎನ್ನುತ್ತಾನೆ ಲಕ್ಷ್ಮಣ. ಅವನು ಬುದ್ಧಿವಂತ.

ಆಮೇಲೆ ನಾಟಕಗಳು ಕಡಿಮೆಯಾದವು. ರಾಜಶ್ರೀ ಲಿಂಗಸುಗೂರಿನಲ್ಲಿ ಹೊಲಿಗೆ ಅಂಗಡಿ ಹಾಕಿದಳು. ಆ ಹೊತ್ತಿಗೇ ಒಂದು ಧಾರಾವಾಹಿಯವರು ಈ ಕಡೆಯ ಮಾತು ಬೇಕೆಂದು ಲಿಂಗಸುಗೂರಿಗೆ ಬಂದರು. ಅವರಿಗೆ ಒಂದು ಹೆಣ ಬೇಕಿತ್ತು. ಯಾರನ್ನು ಮಲಗಿಸಿದರೂ ಉಸಿರಾಡುತ್ತಾರೆ, ರೆಪ್ಪೆ ಬಡಿಯುತ್ತಾರೆ, ನಗುತ್ತಾರೆ. ಯಾರೋ ಯಮನೂರಮ್ಮನನ್ನು ಕರೆತಂದರು. ಅವಳು ಮಲಗಿದಳು. ನೊಣ ಬಂದು ತುಟಿಯ ಮೇಲೆ ಕೂತು, ಕಾಲು ತಿಕ್ಕಿಕೊಂಡು, ತನ್ನ ಪಾಡಿಗೆ ತಾನು ಹಾರಿಹೋಯಿತು. ನಿರ್ದೇಶಕ ಕುರ್ಚಿ ಬಿಟ್ಟು ಎದ್ದು, "ಅಮ್ಮಾ, ಉಸಿರಾಡ್ತಿದ್ದೀರಾ?" ಎಂದು ಕೇಳಿದ. ಹೀಗೆ, ಸಾಯುವುದರಿಂದ ಅವಳ ಕ್ಯಾಮೆರಾದ ಬದುಕು ಶುರುವಾಯಿತು.

ಬೆಂಗಳೂರಿಗೆ ಹೋದ ಮೇಲೆ ಮಾತಿನ ಪಾತ್ರಗಳು ಸಿಕ್ಕವು. ಮೊದಲು ಬಹಳ ಬೈಸಿಕೊಂಡಳು. ನಾಟಕದಲ್ಲಿ ಮೈಕು ಮೇಲಿನಿಂದ ಜೋತಾಡುತ್ತಿರುತ್ತದೆ. ಮಾತು ಆಡುವವರು ಎರಡು ಹೆಜ್ಜೆ ಮುಂದೆ ಬಂದು ಅದರ ಕೆಳಗೆ ನಿಂತು ಹೇಳಿ, ಹಿಂದೆ ಸರಿಯಬೇಕು. ಆ ಚಾಳಿ ಕಾಲಿನಲ್ಲಿ ಉಳಿದಿತ್ತು. ಮಾತು ಬಂದಾಗಲೆಲ್ಲ ಮುಂದೆ ನಡೆದು ಕ್ಯಾಮೆರಾದ ಕಣ್ಣಿನಿಂದ ಹೊರಗೆ ಹೋಗಿಬಿಡುತ್ತಿದ್ದಳು. ಅದನ್ನೂ ದಾಟಿದಳು. ಧಾರಾವಾಹಿಗಳಲ್ಲಿ ಅವಳನ್ನು ಕೊಲ್ಲುವುದು ಸುಲಭವಾಗಿತ್ತು. ಸೊಸೆ ಕೊಂದಳು, ಮಗ ಕೊಂದ, ಮೆಟ್ಟಿಲು ಕೊಂದಿತು. ಒಂದು ಧಾರಾವಾಹಿಯಲ್ಲಂತೂ ಸತ್ತ ಮೇಲೆ ಅವಳ ಹಾರ ಹಾಕಿದ ಫೋಟೋ ವರ್ಷಗಟ್ಟಲೆ ಗೋಡೆಯ ಮೇಲಿತ್ತು, ಮನೆಯವರು ದಿನಾ ಅದರ ಮುಂದೆ ನಿಂತು ಅಳುತ್ತಿದ್ದರು. ಹೆಸರು ಬಂತು. ಆದರೆ ಸಿಂಧನೂರಿಗೆ ಬಂದು ಇಳಿದರೆ ಅದೇ ಬೆಂಚು, ಅದೇ ಮುದುಕ, ಅದೇ ಪ್ರಶ್ನೆ.

ಅಶ್ವಿನಿ ಬಂದದ್ದು ಆಗ.

ಅಶ್ವಿನಿ ಲಿಂಗಸುಗೂರಿನ ಹುಡುಗಿ, ಮೊದಲ ಸಿನಿಮಾ ನಿರ್ದೇಶಿಸುತ್ತಿದ್ದಳು. ಹಳೆಯ ನಾಟಕದ ನಾಯಕಿಯೊಬ್ಬಳು ವಯಸ್ಸಾದ ಮೇಲೆ ಕೊನೆಯ ಸಾರಿ ರಂಗ ಹತ್ತುವ ಕಥೆ. ಬೆಂಗಳೂರಿನಲ್ಲಿ ಯಮನೂರಮ್ಮನ ಬಾಡಿಗೆ ಕೋಣೆಗೆ ಬಂದು, ನೆಲದ ಮೇಲೆ ಕೂತು, ಮಂಡಾಳ ಒಗ್ಗರಣಿ ತಿನ್ನುತ್ತ ಕೇಳಿದಳು:

"ಅಮ್ಮಾರ, ನೀವು ನಾಟಕದಾಗ ನಾಯಕಿ ಆಗಿದ್ರೇನ್ರಿ?"

ಒಲೆಯ ಮೇಲೆ ಚಹಾ ಉಕ್ಕುತ್ತಿತ್ತು. ಯಮನೂರಮ್ಮ ಅದನ್ನು ಇಳಿಸಿ, ಸೋಸಿ, ಎರಡು ಕಪ್ಪು ತುಂಬಿ, ತಿರುಗಿ ಹೇಳಿದಳು:

"ಆಗಿದ್ದೆಲ್ಲವ್ವ. ನಮ್ಮ ಸೀಮಿಗೆಲ್ಲ ನಾನ ನಾಯಕಿ."

ಆಮೇಲೆ ಹೇಳಿಯೇ ಹೇಳಿದಳು. ಹಸಿರು ಸೀರೆಯ ಕಥೆ, ಗೆಜ್ಜೆಯ ಕಥೆ, ಅಂಬಪ್ಪ ಮೆಟ್ಟಿಲು ಹತ್ತಿ ಬಂದು ಭುಜಕ್ಕೆ ನೋಟು ಹಚ್ಚುವುದು, ಅಳುವುದನ್ನು ನಿಲ್ಲಿಸಿ ಕೈ ಮುಗಿಯುವುದು. ರಾಜಶ್ರೀಯ ಬದುಕನ್ನು ತನ್ನದೆಂದು ಒಂದು ತಪ್ಪಿಲ್ಲದೆ ಹೇಳಿದಳು. ಅಷ್ಟು ವರ್ಷ ರೆಪ್ಪೆಯ ಸಂದಿಯಿಂದ ನೋಡಿದ್ದೇನು ಸುಮ್ಮನೆ ಹೋಗುತ್ತದೆಯೇ? ಅಶ್ವಿನಿ ಬಾಯಿ ತೆರೆದು ಕೇಳಿದಳು. ಪಾತ್ರ ಯಮನೂರಮ್ಮನದಾಯಿತು. ಅವಳ ಬದುಕಿನಲ್ಲಿ ಮೊದಲ ಸಾರಿ, ನಾಯಕಿ. ಕೊನೆಯ ದೃಶ್ಯ ಮಸ್ಕಿಯಲ್ಲಿ, ತನ್ನ ಸೀಮೆಯ ಜನರ ಎದುರಿಗೆ.

"ಕೊನಿಗೆ ನೀವು ಅವ್ವನ ಹೆಣದ ಮ್ಯಾಲೆ ಬಿದ್ದು ಅಳೂದು ಐತಿ," ಎಂದಳು ಅಶ್ವಿನಿ. "ಆ ಅವ್ವಗ ಯಾರನ್ನ ಹಾಕೂಣು?"

ಯಮನೂರಮ್ಮನ ಬಾಯಿಗೆ ಉತ್ತರ ತಾನಾಗಿಯೇ ಬಂತು. "ಆಕಿನ್ನ ನಾ ಕರ್ಕೊಂಡು ಬರ್ತೀನಿ."

ಲಿಂಗಸುಗೂರಿನ ಬಸ್‌ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ರಾಜಶ್ರೀಯ ಅಂಗಡಿ. ಬ್ಲೌಸು, ಫಾಲು, ಪಿಕೋ. ಯಮನೂರಮ್ಮ ಬಾಗಿಲಲ್ಲಿ ನಿಂತು ಮೊದಲು ನೋಡಿದ್ದು ರಾಜಶ್ರೀಯ ಸೊಂಟ. ದಪ್ಪಗಾಗಿದ್ದಾಳೆ. ಕಣ್ಣಿಗೆ ಚಾಳೀಸಿನ ಕನ್ನಡಕ. ಕೊರಳಲ್ಲಿ ಅಳತೆ ಟೇಪು. ಯಮನೂರಮ್ಮನ ಎದೆ ತಣ್ಣಗಾಯಿತು. ಅಷ್ಟರಲ್ಲಿ ರಾಜಶ್ರೀ ತುಟಿಯ ನಡುವೆ ಕಚ್ಚಿಕೊಂಡಿದ್ದ ಗುಂಡುಪಿನ್ನುಗಳನ್ನು ತೆಗೆದು, ಇಡೀ ಗಲ್ಲಿಗೆ ಕೇಳುವಂತೆ ಕೂಗಿದಳು:

"ಬಾ ಅವ್ವಾ ಬಾ! ಈ ಸಾರಿ ಯಾವ ಸೀರಿಯಲ್‌ದಾಗ ಸತ್ತು ಬಂದಿ?"

ಎದುರಿನ ಚಹಾದಂಗಡಿಯಲ್ಲಿದ್ದವರು ನಕ್ಕರು. ಮೂಲೆಯಲ್ಲಿ ಕೂತು ಬ್ಲೌಸಿಗೆ ಹುಕ್ಕು ಹಾಕುತ್ತಿದ್ದ ಮಕ್ತುಂಬೀ ಕಣ್ಣರಳಿಸಿದಳು. "ಯಾ ಅಲ್ಲಾ, ಗ್ವಾಡಿ ಮ್ಯಾಲಿನ ಫೋಟೋದ ಅತ್ತಿ ಇವ್ರ ಏನಕ್ಕಾ?"

"ಹೂಂ ಇವ್ರ. ನನ್ನ ಹೆತ್ತ ಅವ್ವ," ಎಂದಳು ರಾಜಶ್ರೀ. ಗಲ್ಲಿ ಮತ್ತೆ ನಕ್ಕಿತು. ಸೊಂಟ ಹೋದರೇನು, ಹೊಲಿಗೆ ಮಿಷನ್ನಿನ ಮುಂದೆ ಕೂತರೂ ಇವಳಿಗೆ ಕೂತು ನೋಡುವ ಜನ ತಪ್ಪಲಿಲ್ಲವಲ್ಲ ಎಂದು ಯಮನೂರಮ್ಮನ ಹೊಟ್ಟೆ ಮತ್ತೆ ಉರಿಯಿತು.

"ನಿನ್ನ ಎಲ್ಲಾ ನೋಡ್ತೀನಿ ನಾ," ರಾಜಶ್ರೀ ಸ್ಟೂಲು ಎಳೆದು ಕೊಟ್ಟಳು. "ಚೊಲೊ ಮಾಡ್ತಿ. ಒಂದ ತಪ್ಪು ಬೇ. ಅಳುವಾಗ ಮೂಗು ಒರೆಸ್ಕೋತಿ."

"ಅತ್ರ ಮೂಗು ಸೋರಂಗಿಲ್ಲೇನು?"

"ಸೋರ್ಲಿ. ನಾಯಕಿ ಆದಾಕಿ ಮೂಗು ಒರೆಸ್ಕೋಬಾರ್ದು. ಕಣ್ಣೀರು ಗಲ್ಲದ ಮ್ಯಾಲೆ ಇಳಿಬೇಕು, ಮೂಗು ಇಲ್ಲಂಗ ಇರಬೇಕು. ಅವ್ವಂದ್ರು ಒರೆಸ್ಕೋತಾರ, ನಡೀತದ."

ಇಷ್ಟು ಸಾಕಿತ್ತು. ಯಮನೂರಮ್ಮ ನೇರ ಮಾತಿಗೆ ಬಂದಳು. "ಒಂದು ಸಿನಿಮಾ ಐತಿ. ನೀ ಒಂದು ಪಾತ್ರ ಮಾಡಬೇಕು."

"ನಾನು? ಏನು ಪಾತ್ರ?"

"ಅವ್ವ."

"ಯಾರಿಗೆ?"

"ನನಗ."

ರಾಜಶ್ರೀ ಚಾಳೀಸು ತೆಗೆದು ಇವಳನ್ನು ನೋಡಿದಳು. "ಮಾತು ಎಷ್ಟದಾವ?"

"ಮಾತಿಲ್ಲ. ಸತ್ತಿರ್ತಿ."

ಸಿಟ್ಟಾಗಲಿ, ಮುಖ ಕಪ್ಪಿಡಲಿ, 'ಹೋಗಲೇ ನಿನ್ನ' ಎಂದು ಬೈಯಲಿ ಎಂದು ಯಮನೂರಮ್ಮ ಕಾದಳು. ಅದಕ್ಕೆಂದೇ ಬಸ್ಸು ಹತ್ತಿ ಬಂದವಳು ಅವಳು. ರಾಜಶ್ರೀ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಕ್ಕು ನಕ್ಕು ಟೇಪಿನ ತುದಿಯಿಂದ ಕಣ್ಣು ಒರೆಸಿಕೊಂಡಳು. "ಬರ್ತೀನಿ ತಗೋ. ನಿನ್ನ ಸಾವು ಒಂದ್ಸಾರಿ ನಾನೂ ಸಾಯ್ತೀನಿ."

ಹಿಂದಿರುಗುವ ಬಸ್ಸಿನಲ್ಲಿ ಯಮನೂರಮ್ಮ ಮಸ್ಕಿ ದಾಟುವವರೆಗೂ ಕಿಟಕಿಯ ಹೊರಗೆ ನೋಡಲಿಲ್ಲ. ಇಷ್ಟು ವರ್ಷ ತಾನು ಒಳಗೆ ಬೆಂದು ಬೆಂದು ಇಟ್ಟುಕೊಂಡಿದ್ದನ್ನು ಎದುರಿನವಳು ನಕ್ಕು ತೇಲಿಸಿಬಿಟ್ಟಳು. ಅವಳೂ ಒಂದಿಷ್ಟು ಉರಿದಿದ್ದರೆ ಏನು ಕಳೆದುಕೊಳ್ಳುತ್ತಿದ್ದಳು?

ಮಸ್ಕಿಯ ಗುಡ್ಡದ ಕೆಳಗೆ ಒಂದು ಸಮುದಾಯ ಭವನ. ಅಲ್ಲಿ ಮಟಮಟ ಮಧ್ಯಾಹ್ನವೇ ಕಿಟಕಿಗಳಿಗೆಲ್ಲ ಕರಿ ಬಟ್ಟೆ ಕಟ್ಟಿ ರಾತ್ರಿ ಮಾಡಿದ್ದರು. ಹಳೆಯ ಅರಮನೆಯ ಪರದೆ, ಜೋತಾಡುವ ಮೈಕು, ಟ್ಯೂಬಲೈಟು. ಹಾರ್ಮೋನಿಯಂಗೆ ಗದ್ದೆಪ್ಪ ಮಾಸ್ತರನನ್ನೇ ಹುಡುಕಿ ತಂದಿದ್ದಳು ಅಶ್ವಿನಿ. ಕಿವಿ ಮಂದವಾಗಿತ್ತು, ಬೆರಳು ಮಂದವಾಗಿರಲಿಲ್ಲ. ಕೂತು ನೋಡುವ ಜನರ ಪಾತ್ರಕ್ಕೆ ಮಸ್ಕಿ, ಬಳಗಾನೂರು, ಸಾಲಗುಂದದಿಂದ ನಾಟಕ ನೋಡಿ ಬೆಳೆದ ಹಿರಿಯರನ್ನೇ ಕರೆಸಿದ್ದಳು. ಮುಂದಿನ ಸಾಲಿನಲ್ಲಿ ಅಂಬಪ್ಪ. ಹಲ್ಲಿಲ್ಲ, ಕೈಯಲ್ಲಿ ಕೋಲು, ಮೈಮೇಲೆ ಇಸ್ತ್ರಿ ಮುರಿಯದ ಬಿಳಿ ಅಂಗಿ.

ರಾಜಶ್ರೀ ಬಂದು ಮೇಕಪ್ಪಿಗೆ ಕೂತಾಗ ಅವಳ ಕೂದಲಿಗೆ ಪೌಡರ್ ಬೇಕಾಗಲಿಲ್ಲ. ಅಶ್ವಿನಿ ಪಕ್ಕದಲ್ಲಿ ಬಂದು ನಿಂತು ಸಲುಗೆಯಿಂದ ಕೇಳಿದಳು:

"ಅಮ್ಮಾರ, ನೀವು ಯಮನೂರಮ್ಮನವರ ಜೋಡಿ ಅವ್ವನ ಪಾತ್ರ ಮಾಡ್ತಿದ್ರಂತಲ್ರಿ? ಅವ್ರು ನಾಯಕಿ ಇದ್ದಾಗ?"

ಎದುರಿನ ಕುರ್ಚಿಯಲ್ಲಿ ಹಸಿರು ಸೀರೆ ಉಟ್ಟು ಕೂತಿದ್ದ ಯಮನೂರಮ್ಮನ ಕೈಯಲ್ಲಿ ಚಹಾದ ಲೋಟ ನಿಂತಿತು. ಕನ್ನಡಿಯೊಳಗೆ ಇಬ್ಬರ ಕಣ್ಣೂ ಕೂಡಿದವು. ಒಂದು ಮಾತು ಬಿದ್ದರೆ ಮುಗಿಯಿತು. ಸೀರೆ ಬಿಚ್ಚಿ ಬಸ್ಸು ಹತ್ತಬೇಕು.

"ಹೌದವ್ವ," ಎಂದಳು ರಾಜಶ್ರೀ, ಕನ್ನಡಿಯಿಂದ ಕಣ್ಣು ತೆಗೆಯದೆ. "ಅವ್ವನ ಪಾತ್ರ ನಂದು. ಆಕಿ ಅತ್ರ ಜನ ಎದ್ದು ನಿಲ್ತಿದ್ರು."

ಅಶ್ವಿನಿ ಹೋದಳು. ಯಮನೂರಮ್ಮನಿಗೆ ಉಸಿರು ಬಂತು. ಉಸಿರಿನ ಹಿಂದೆಯೇ ಉರಿಯೂ ಬಂತು. ನೋಡು, ಇದನ್ನೂ ನಾಯಕಿಯ ಹಾಗೆಯೇ ಮಾಡಿದಳು. ತ್ಯಾಗ ಮಾಡುವ ಪಾತ್ರವೂ ಇವಳಿಗೇ ಬೇಕು.

ಒಳಗೆ ಅಶ್ವಿನಿ ಅಂಬಪ್ಪನಿಗೆ ಹೇಳಿಕೊಡುತ್ತಿದ್ದಳು. "ಅಜ್ಜಾರ, ಹಾಡು ಶುರು ಆದ ಮ್ಯಾಲೆ ನೀವು ಎದ್ದು ಹೋಗಿ ನಾಯಕಿಗೆ ನೋಟು ಹಚ್ಚಬೇಕು."

"ಅದನ್ನ ನೀ ನನಗ ಹೇಳಿಕೊಡ್ತಿ ಏನವ್ವಾ?" ಅಂಬಪ್ಪ ಬೊಚ್ಚುಬಾಯಿ ತೆರೆದು ನಕ್ಕ. ಸಿನಿಮಾದವರು ಕೊಟ್ಟ ನೋಟನ್ನು ಹಿಂದಕ್ಕೆ ಕೊಟ್ಟು ತನ್ನ ಕಿಸೆಯಿಂದ ತನ್ನದೇ ನೋಟು ತೆಗೆದ. "ಪಿನ್ನು ಅಷ್ಟ ಕೊಡು."

ಕ್ಯಾಮೆರಾ ತಿರುಗಿತು. ರಂಗದ ನಡುವೆ ರಾಜಶ್ರೀ ಸತ್ತು ಮಲಗಿದ್ದಳು. ಗದ್ದೆಪ್ಪ ಮಾಸ್ತರ ಆ ಹಳೆಯ ಅಳುವಿನ ರಾಗ ಎತ್ತಿದ. ಯಮನೂರಮ್ಮ ಓಡಿ ಬಂದಳು, ಮೊಣಕಾಲೂರಿದಳು, "ಅವ್ವಾ" ಎಂದಳು. ಜೀವಮಾನವಿಡೀ ತನ್ನನ್ನು ಕರೆದ ಆ ಮಾತಿನಿಂದ ಈಗ ತಾನು ಇವಳನ್ನು ಕರೆಯುವಾಗ ಅವಳಿಗೆ ಎಂಥ ಸುಖವಾಯಿತೆಂದರೆ, ಕಣ್ಣೀರು ತಾನಾಗಿಯೇ ಗಲ್ಲದ ಮೇಲೆ ಇಳಿಯಿತು. ಮೂಗು ಒರೆಸಿಕೊಳ್ಳಲಿಲ್ಲ. ಅಂಬಪ್ಪ ಎದ್ದ. ಕೋಲು ಟಕ್, ಟಕ್. ಮೆಟ್ಟಿಲು ಹತ್ತಿದ. ಯಮನೂರಮ್ಮ ಭುಜದ ಸೆರಗನ್ನು ಒಂದು ಚೂರು ಮುಂದೆ ತಂದಳು.

ಅಂಬಪ್ಪ ಅವಳನ್ನು ದಾಟಿ ಹೋದ.

ಕೋಲನ್ನು ಬದಿಗಿಟ್ಟು, ಒಂದು ಕೈಯನ್ನು ಸೊಂಟಕ್ಕೆ ಕೊಟ್ಟು ನಿಧಾನ ಬಗ್ಗಿ, ಹೆಣದ ಭುಜಕ್ಕೆ ನೋಟು ಹಚ್ಚಿದ. ಅವನಿಗೆ ತಾನು ಮಾಡಿದ್ದರಲ್ಲಿ ಏನೂ ತಪ್ಪು ಕಾಣಲಿಲ್ಲ. ನಾಯಕಿಗೆ ಹಚ್ಚು ಎಂದಿದ್ದರು. ಹಚ್ಚಿದ. ಹಾರ್ಮೋನಿಯಂ ಗಪ್ಪಾಯಿತು. ಗದ್ದೆಪ್ಪ ಮಾಸ್ತರನಿಗೂ ಯಾರೂ ಏನೂ ಹೇಳಿಕೊಡಬೇಕಿರಲಿಲ್ಲ. ಮೈಕು ಎಳೆದುಕೊಂಡು ಒಡೆದ ದನಿಯಲ್ಲಿ ಊದಿದ: "ಬಳಗಾನೂರಿನ ಅಂಬಪ್ಪನವರು, ನಾಯಕಿ ರಾಜಶ್ರೀ ಅವರ ಅಭಿನಯಕ್ಕೆ ಮೆಚ್ಚಿ..."

ಸತ್ತು ಮಲಗಿದ್ದ ರಾಜಶ್ರೀ ಕಣ್ಣು ತೆರೆಯಲಿಲ್ಲ. ಆದರೆ ನೋಟು ಹಚ್ಚಿದ್ದು ಭುಜಕ್ಕೆ ಗೊತ್ತಾಯಿತು, ತನ್ನ ಹೆಸರು ಕಿವಿಗೆ ಬಿತ್ತು. ಎರಡು ಕೈಗಳು ತಾವಾಗಿಯೇ ಎದೆಯ ಮೇಲೆ ಬಂದು ಕೂಡಿದವು. ಹೆಣ ಕೈ ಮುಗಿಯಿತು.

ಜನ ಹೋ ಎಂದರು. ಸೀಟಿ ಬಿತ್ತು.

"ಕೈ ಇಳಸು," ಯಮನೂರಮ್ಮ ಹಲ್ಲು ಕಚ್ಚಿ ಹೇಳಿದಳು. "ಸತ್ತೀ ನೀ."

ಕೈ ಇಳಿಯಲಿಲ್ಲ. ಆಗ ಅವಳಿಗೆ ಕ್ಯಾಮೆರಾ ಮರೆತುಹೋಯಿತು, ಸಿನಿಮಾ ಮರೆತುಹೋಯಿತು. ರಾಜಶ್ರೀಯ ಎರಡೂ ಭುಜ ಹಿಡಿದು ಅಲುಗಿಸಿಬಿಟ್ಟಳು.

"ಸತ್ತ ಮ್ಯಾಲೂ ನನಗ ಬಿಟ್ಟು ಕೊಡಂಗಿಲ್ಲೇನಬೇ? ನೀ ನಿಂತಾಗ ನಿನಗ ಹಚ್ಚಿದ್ರು. ನೀ ಅತ್ತಾಗ ನಿನಗ ಹಚ್ಚಿದ್ರು. ಇವತ್ತು ಹೆಣ ಆಗಿ ಬಿದ್ರೂ ನಿನಗ ಹಚ್ತಾರ! ನಾ ಎಷ್ಟು ಸಾರಿ ಸತ್ತೀನಿ, ಯಾರರ ನೋಡ್ಯಾರೇನು? ಒಬ್ರರ, ಒಂದ್ಸಾರಿಯರ, ಎದ್ದೇಳವ್ವಾ ಅಂತ ಕೈ ಕೊಟ್ಟಾರೇನು ನನಗ?"

ದನಿ ಒಡೆಯಿತು. ಮೂಗು ಸೋರಿತು. ಹಸಿರು ಸೀರೆಯ ಸೆರಗಿನಿಂದ ಗಸಗಸ ಒರೆಸಿಕೊಂಡಳು. ಭವನದಲ್ಲಿ ಸೀಟಿ ಹೊಡೆದವರೆಲ್ಲ ಬಾಯಿ ಮುಚ್ಚಿಕೊಂಡಿದ್ದರು. ಅಂಬಪ್ಪ ಕೋಲು ಹುಡುಕುತ್ತ ನಿಂತಿದ್ದ. ಕ್ಯಾಮೆರಾದ ಹಿಂದಿನಿಂದ ಅಶ್ವಿನಿ 'ಕಟ್' ಎನ್ನಲಿಲ್ಲ.

ಆ ಸದ್ದಿಲ್ಲದ ಹೊತ್ತಿನಲ್ಲಿ, ಕೆಳಗಿನಿಂದ, ತುಟಿ ಅಲ್ಲಾಡದ ಹಾಗೆ ಒಂದು ಪಿಸುಮಾತು ಬಂತು.

"ಯಮನೂರೀ... ಏನು ಸೊಳ್ಳಿ ಅದಾವ ಇಲ್ಲಿ. ಹ್ಯಾಂಗ ಮಲಗ್ತಿದ್ದಿ ಬೇ ಅಷ್ಟು ವರ್ಷ?"

ಅವ್ವಾ ಎನ್ನಲಿಲ್ಲ. ಹೆಸರು ಹಿಡಿದು ಕರೆದಳು. ಯಮನೂರಮ್ಮ ಭುಜ ಬಿಟ್ಟಳು. ಅಲ್ಲಿಯೇ ಅವಳ ಪಕ್ಕದಲ್ಲಿ ನೆಲದ ಮೇಲೆ ಕೂತುಬಿಟ್ಟಳು.

'ಕಟ್' ಆದ ಮೇಲೆ ಅಶ್ವಿನಿ ರಂಗ ಹತ್ತಿ ಬಂದಳು. ಇಬ್ಬರನ್ನೂ ನೋಡಿದಳು. "ಅಮ್ಮಾರ, ಖರೇ ಹೇಳ್ರಿ. ನಾಯಕಿ ಯಾರಿದ್ರು?"

ಯಮನೂರಮ್ಮ ಗದ್ದದಿಂದ ರಾಜಶ್ರೀಯನ್ನು ತೋರಿಸಿದಳು.

"ಮತ್ತ ನೀವು?"

"ನಾ ಆಕಿ ಅವ್ವ."

ಹೇಳಿದವಳೇ ಎದ್ದು, ಪಕ್ಕದ ಕೋಣೆಗೆ ಹೋಗಿ, ಬಳೆ ತೆಗೆದಳು, ತಲೆಯ ಹೂ ಕಿತ್ತಳು. ಇನ್ನೇನು ಸೀರೆಯ ಪಿನ್ನು ತೆಗೆಯಬೇಕು, ಅಶ್ವಿನಿ ಚಹಾ ಹಿಡಿದು ಬಂದಳು.

"ಹೂ ಯಾಕ ಕಿತ್ತಿರಿ? ಕಂಟಿನ್ಯುಟಿ ಹೋತಲ್ರಿ."

"ಪಾತ್ರ ಆಕಿಗೆ ಕೊಡವ್ವ. ನಾ ಸುಳ್ಳು ಹೇಳೀನಿ."

"ಕೊಡಂಗಿಲ್ಲ. ನೀವ ಮಾಡಬೇಕು. ಆದ್ರ ಕಥಿ ಬದಲು ಮಾಡ್ತೀನಿ. ನಾಟಕದ ನಾಯಕಿ ಕಥಿ ಎಲ್ಲರೂ ಮಾಡ್ತಾರ. ಇದು ಆಕಿ ಅವ್ವ ಆಗ್ತಿದ್ದಾಕಿ ಕಥಿ. ಜೀವಮಾನ ಸತ್ತು ಸತ್ತು, ಕೊನಿಗೆ ಒಂದಿನ ಅಳಾಕ ನಿಂತಾಕಿ ಕಥಿ."

ಯಮನೂರಮ್ಮ ಅವಳನ್ನು ದಿಟ್ಟಿಸಿದಳು. ಸಂತೋಷಪಡಬೇಕೆಂದು ಅವಳಿಗೆ ಗೊತ್ತಿತ್ತು. ಆದರೆ ಹಸಿರು ಸೀರೆ ಉಟ್ಟು ಒಂದು ದಿನವಾದರೂ ನಾಯಕಿ ಎನ್ನಿಸಿಕೊಳ್ಳಬೇಕೆಂದು ಬಂದವಳು ಅವಳು. ಸುತ್ತಿ ಬಳಸಿ ಮತ್ತೆ ಅದೇ ಅವ್ವನ ಪಾತ್ರ ಕೊಟ್ಟರಲ್ಲ.

"ಅಂದ್ರ ಮತ್ತ ಸಾಯಿಸ್ತಿ ಏನು ನನ್ನ?"

"ಇನ್ನೊಂದೆರಡು ಸಾರಿ ಅಷ್ಟರಿ," ಎಂದಳು ಅಶ್ವಿನಿ, ಕೈ ಮುಗಿದು.

ಬಾಗಿಲಲ್ಲಿ ನಿಂತು ಕಾಲು ಕೆರೆದುಕೊಳ್ಳುತ್ತಿದ್ದ ರಾಜಶ್ರೀ ಹೇಳಿದಳು: "ಆಗಲೇಳು. ಹ್ಯಾಂಗ ಸಾಯೂದಂತ ನನಗೂ ಕಲಿಸು. ಒಂದ ಸಲ ಸತ್ತದ್ದಕ್ಕ ಬೆನ್ನು ಹಿಡ್ಕೊಂಡೈತಿ."

ಸಿನಿಮಾ ಸಿಂಧನೂರಿಗೆ ಬಂದಾಗ ಬಿಸಿಲಿನ ದಿನ. ಮಧ್ಯಾಹ್ನದ ಆಟಕ್ಕೆ ಹೂ ಮಾರುವ ಹೆಣ್ಣುಮಕ್ಕಳು ಬುಟ್ಟಿ ಸಮೇತ ಬಂದಿದ್ದರು. ಲಿಂಗಸುಗೂರಿನಿಂದ ರಾಜಶ್ರೀ ಬಂದಿದ್ದಳು, ಜೊತೆಗೆ ಮಕ್ತುಂಬೀ. ಲಕ್ಷ್ಮಣ ಎರಡು ಹಾರ ತಂದಿದ್ದ, ಯಾರಿಗೆ ಮೊದಲು ಹಾಕಬೇಕೆಂದು ಗೊತ್ತಾಗದೆ ಎರಡನ್ನೂ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಯಮನೂರಮ್ಮ ರಾಜಶ್ರೀಯ ಪಕ್ಕದ ಕುರ್ಚಿಯಲ್ಲಿ ಕೂತಳು. ಮೊದಲಿನಿಂದ ಕೊನೆಯವರೆಗೆ ತೆರೆಯ ತುಂಬ ಅವಳೇ. ಸತ್ತಳು, ಎದ್ದಳು, ಮಣ್ಣು ಕೊಡವಿಕೊಂಡಳು. ಜನ ನಕ್ಕರು, ಸೊಳ್ಳೆ ಕಚ್ಚಿದಾಗ ಚ್ಚು ಚ್ಚು ಎಂದರು. ಆದರೆ ಸೀಟಿ ಬೀಳಲಿಲ್ಲ. ಅವಳು ಸೀಟಿಗೆ ಕಾಯುತ್ತಿದ್ದಳು.

ಕೊನೆಯ ದೃಶ್ಯ ಬಂತು. ಅಂಬಪ್ಪ ಮೆಟ್ಟಿಲು ಹತ್ತಿದ, ಬಗ್ಗಿದ, ಹಚ್ಚಿದ. ಹೆಣ ಕೈ ಮುಗಿಯಿತು.

ಥಿಯೇಟರು ಹಾರಿಹೋಗುವ ಹಾಗೆ ಸೀಟಿ ಬಿತ್ತು. ಹೂವಿನವರು ಬುಟ್ಟಿಯಿಂದ ಮುಷ್ಟಿ ಮುಷ್ಟಿ ತೆಗೆದು ಮೇಲೆ ತೂರಿದರು. ಇಡೀ ಸಿನಿಮಾ ಒಬ್ಬಳದು, ಸೀಟಿ ಇನ್ನೊಬ್ಬಳ ಎರಡು ಕೈಗೆ! ಯಮನೂರಮ್ಮ ತಿರುಗಿ ನೋಡಿದಳು. ಪಕ್ಕದ ಕುರ್ಚಿಯಲ್ಲಿ ರಾಜಶ್ರೀ, ಕತ್ತಲಲ್ಲಿ ಯಾರಿಗೂ ಕಾಣುವುದಿಲ್ಲವೆಂಬುದನ್ನೂ ಮರೆತು, ಜನರಿಗೆ ಕೈ ಮುಗಿದುಕೊಂಡು ಕೂತಿದ್ದಳು.

ತೆರೆಯ ಮೇಲಿನ ಯಮನೂರಮ್ಮ, ಕುರ್ಚಿಯ ಮೇಲಿನ ಯಮನೂರಮ್ಮ, ಇಬ್ಬರೂ ಒಟ್ಟಿಗೇ ಹಲ್ಲು ಕಚ್ಚಿ ಹೇಳಿದರು: "ಕೈ ಇಳಸು. ಸತ್ತೀ ನೀ."

ಮುಂದಿನ ಮಾತುಗಳು ಶುರುವಾದವು. ನೀ ನಿಂತಾಗ ನಿನಗ ಹಚ್ಚಿದ್ರು. ನೀ ಅತ್ತಾಗ ನಿನಗ ಹಚ್ಚಿದ್ರು. ಆಗ ಥಿಯೇಟರಿನಲ್ಲಿ ಸೀಟಿ ಇಲ್ಲ, ಕೆಮ್ಮು ಇಲ್ಲ. ಹೂ ತೂರುತ್ತಿದ್ದ ಕೈಗಳು ಬುಟ್ಟಿಯೊಳಗೇ ನಿಂತವು. ಯಮನೂರಮ್ಮನಿಗೆ ಈ ಮೌನವನ್ನು ಏನು ಮಾಡಬೇಕೆಂದು ತಿಳಿಯಲಿಲ್ಲ. ಇದು ಜನ ಕೊಟ್ಟದ್ದೋ, ಕೊಡದೆ ಹಿಡಿದದ್ದೋ? ಕೈ ಮುಗಿಯಬೇಕೋ, ಬೇಡವೋ?

ಪಕ್ಕದಲ್ಲಿ ಒಂದು ಸದ್ದಾಯಿತು. ರಾಜಶ್ರೀಯ ಕೈಗಳು ತಾವಾಗಿಯೇ ಕೆಳಗಿಳಿದಿದ್ದವು. ಅವಳು ಅಳುತ್ತಿದ್ದಳು. ಗಲ್ಲದ ಮೇಲೆ ಚೆಂದವಾಗಿ ಇಳಿಯುವ ಹಳೆಯ ಕಣ್ಣೀರಲ್ಲ, ಭುಜವೆಲ್ಲ ಅಲುಗುವ ಅಳು. ಸೆರಗಿನ ತುದಿ ಮುದ್ದೆ ಮಾಡಿಕೊಂಡು ಗಸಗಸ ಮೂಗು ಒರೆಸಿಕೊಂಡಳು.

ಯಮನೂರಮ್ಮ ಅದನ್ನು ಕಣ್ತುಂಬ ನೋಡಿದಳು. ಆಮೇಲೆ ಅವಳ ಕಿವಿಯ ಹತ್ತಿರ ಬಗ್ಗಿದಳು.

"ನಾಯಕಿ ಆದಾಕಿ," ಎಂದಳು, "ಮೂಗು ಒರೆಸ್ಕೋಬಾರ್ದು ಬೇ."